ಗೋಡೆಯಾಚೆಯ ನಿದ್ದೆ

ಆ ಶನಿವಾರ ಸಂಜೆಯ ಸಂಗೀತ ಕಾರ್ಯಕ್ರಮ ಅರ್ಧಕ್ಕೆ ಬಂದಿತ್ತು. ನಾನು ಮೆಟ್ಟಿಲ ಬಾಗಿಲ ಪಕ್ಕ ಸೌಂಡ್ ಮಿಕ್ಸರ್ ಮುಂದೆ ನಿಂತಿದ್ದೆ. ಬಾಗಿಲು ತಳ್ಳಿಕೊಂಡು ಒಬ್ಬರು ಒಳಗೆ ಬಂದರು. ಐವತ್ತು ದಾಟಿದ ವಯಸ್ಸು, ಲುಂಗಿ, ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡ ಅಂಗಿ. ಕೂದಲು ಒಂದು ಬದಿಗೆ ಒತ್ತಿಕೊಂಡಿತ್ತು. ದಿಂಬಿನಿಂದ ತಲೆ ಎತ್ತಿ ನೇರ ಇಲ್ಲಿಗೇ ಬಂದಿದ್ದಾರೆಂದು ನೋಡಿದ ಕೂಡಲೇ ತಿಳಿಯಿತು. ಟಿಕೆಟ್ ಕೇಳಲು ಮುಂದೆ ಬಂದ ಜಾಗದ ಮಾಲೀಕರ ಮಗನನ್ನು ಅವರು ಕೈಯಿಂದ ಬದಿಗೆ ಸರಿಸಿದರು. ನನ್ನ ಹತ್ತಿರ ಬಂದು ಕಿವಿಗೆ ಬಾಗಿ ಕೇಳಿದರು.

"ಈ ಸದ್ದು ಮಾಡ್ತಿರೋದು ನೀನೇನಮ್ಮಾ?"

ಹೌದು, ಸೌಂಡ್ ನೋಡಿಕೊಳ್ಳುವವಳು ನಾನೇ ಎಂದೆ.

"ನಾನು ಹಿಂದಿನ ಮನೆಯವನು. ನಾಳೆ ಬೆಳಗಿನ ಮೊದಲನೇ ಗಾಡಿ ನಾನು ಓಡಿಸಬೇಕು. ಗಾಡಿ ತುಂಬ ಜನ ಇರ್ತಾರೆ. ನನಗೆ ನಿದ್ದೆ ಬೇಕು."

ಅವರು ಮಾತಾಡಿದ್ದು ತಮಿಳಿನಲ್ಲಿ, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ತಕ್ಷಣ ಒಟ್ಟು ಸದ್ದನ್ನು ತಗ್ಗಿಸಿದೆ. ಅವರು ಸ್ವಲ್ಪ ಹೊತ್ತು ನಿಂತು ಕೇಳಿದರು, ಸಾಲದೆಂಬಂತೆ ತಲೆಯಾಡಿಸಿ ಇಳಿದು ಹೋದರು. ಸೋಮವಾರ ಠಾಣೆಯಿಂದ ಕರೆ ಬಂತು. ದೂರು ದಾಖಲಾಗಿತ್ತು.

ಜಾಗದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ತಾಂಬರಂ ರೈಲು ಹಳಿಯ ಪಶ್ಚಿಮಕ್ಕೆ ಒಂದು ಅಡ್ಡರಸ್ತೆಯಲ್ಲಿ ಕುಂದಾಪುರ ಕಡೆಯವರ ಸಸ್ಯಾಹಾರಿ ಹೋಟೆಲ್ ಇದೆ. ಅದರ ಮೇಲಿನ ಮಹಡಿಯೇ ನಾನು ಹೇಳುತ್ತಿರುವ ಜಾಗ. ತಮಿಳಿನಲ್ಲಿ ಮಹಡಿಗೆ 'ಮಾಡಿ' ಎನ್ನುತ್ತಾರೆ. ಊರಿನ ವಾದ್ಯಗಾರರೆಲ್ಲ ಅದನ್ನು ಕರೆಯುವುದು ಹಾಗೆಯೇ. ಗೋಡೆಯ ಮೇಲೆ ಹೆಸರಿನ ಫಲಕ ಎಂದೂ ಇರಲಿಲ್ಲ. ಹೋಟೆಲ್ ಕಟ್ಟಿಸಿದ ಹಿರಿಯರು ಮೇಲ್ಗಡೆ ಒಂದು ಪುಟ್ಟ ಮದುವೆ ಹಾಲ್ ಮಾಡಿದ್ದರು. ಹಿಂದಿನ ಗೋಡೆಗೆ ಅಂಟಿಸಿ, ಮಂಟಪ ಕಟ್ಟಲೆಂದು, ದಪ್ಪ ಕಲ್ಲಿನ ಚಪ್ಪಡಿ ಹಾಸಿದ ವೇದಿಕೆ. ಏಸಿ ಹಾಕಿದ ದೊಡ್ಡ ಕಲ್ಯಾಣ ಮಂಟಪಗಳು ಸುತ್ತ ಎದ್ದ ಮೇಲೆ ಇಲ್ಲಿ ಮದುವೆಗಳು ನಿಂತವು. ಹಾಲ್ ಅಕ್ಕಿ ಮೂಟೆ, ಮುರಿದ ಬೆಂಚುಗಳ ಗೋದಾಮಾಯಿತು. ಆಗ ಹತ್ತಿರದ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಕೆಳಗೆ ಕಾಫಿ ಕುಡಿಯುತ್ತಾ, ಗಿಟಾರ್, ಡ್ರಮ್ಸ್ ಅಭ್ಯಾಸ ಮಾಡಲು ಎಲ್ಲೂ ಜಾಗ ಇಲ್ಲ ಎಂದು ಗೋಳಾಡಿದರಂತೆ. ಹಿರಿಯರ ಮಗಳು ಮೇಲಿನ ಬೀಗ ತೆಗೆದುಕೊಟ್ಟರು. ಅಭ್ಯಾಸ ನೋಡಲು ಗೆಳೆಯರು ಬಂದರು, ಗೆಳೆಯರ ಗೆಳೆಯರು ಬಂದರು, ನಿಧಾನಕ್ಕೆ ಶನಿವಾರದ ಕಾರ್ಯಕ್ರಮ ಎಂದಾಯಿತು. ಪಟ್ಟಣದ ದೊಡ್ಡ ಸಂಗೀತ ಸಭೆಗಳಲ್ಲಿ, ಸ್ಟಾರ್ ಹೋಟೆಲುಗಳಲ್ಲಿ ಅವಕಾಶ ಸಿಗದವರಿಗೆ, ಸ್ವಂತ ಹಾಡು ಬರೆದು ಹಾಡುವವರಿಗೆ ಇದೊಂದು ನೆಲೆ. ಕೇಳುವವರು ಎಲೆಕ್ಟ್ರಿಕ್ ಟ್ರೇನಿನಲ್ಲಿ ಬಂದು ಅದರಲ್ಲೇ ಹೋಗುತ್ತಾರೆ.

ಬೀಗ ತೆಗೆದುಕೊಟ್ಟ ಆ ಮಗಳೇ ಈಗಿನ ಮಾಲೀಕರು. ಅರವತ್ತು ದಾಟಿದೆ. ನಾವೆಲ್ಲ ಅಕ್ಕ ಎನ್ನುತ್ತೇವೆ. ಅವರ ಮಗ ಬುಕಿಂಗ್ ನೋಡಿಕೊಳ್ಳುತ್ತಾನೆ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನಾನು ವಾರದ ದಿನಗಳಲ್ಲಿ ಪೆರುಂಗುಡಿಯ ಒಂದು ಕಚೇರಿಯಲ್ಲಿ ಸಭಾಂಗಣಗಳಿಗೆ ಧ್ವನಿವ್ಯವಸ್ಥೆ ವಿನ್ಯಾಸ ಮಾಡುವವಳು, ಶನಿವಾರಗಳಲ್ಲಿ ಮಾಡಿಯ ಮಿಕ್ಸರ್ ಮುಂದೆ ನಿಲ್ಲುವವಳು.

ಠಾಣೆಯ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿದರು. ಹಿಂದಿನ ಮನೆಯವರು ಮೋಟಾರ್‌ಮ್ಯಾನ್, ಎಲೆಕ್ಟ್ರಿಕ್ ಟ್ರೇನ್ ಓಡಿಸುವವರು. ಬೆಳಗಿನ ಪಾಳಿಯ ವಾರಗಳಲ್ಲಿ ಸಂಜೆ ಊಟ ಮುಗಿಸಿ ಮಲಗಿದರೆ, ಊರು ಇನ್ನೂ ಕತ್ತಲಲ್ಲಿರುವಾಗಲೇ ಎದ್ದು ಶೆಡ್ಡಿಗೆ ಹೋಗಬೇಕು. ನಮ್ಮ ಹಾಡು ಶುರುವಾಗುವುದೇ ಅವರು ಮಲಗುವ ಹೊತ್ತಿಗೆ. ಅಧಿಕಾರಿ ಹೇಳಿದ್ದು ನ್ಯಾಯವಾಗಿಯೇ ಇತ್ತು. ಪೊಂಗಲ್ ಹಬ್ಬದೊಳಗೆ ಸದ್ದು ಆಚೆ ಹೋಗದಂತೆ ಮಾಡಿ. ಆಗದಿದ್ದರೆ ಸಂಗೀತ ನಿಲ್ಲಿಸಿ.

ಹಿಂದಿರುಗುವಾಗ ಆಟೋದಲ್ಲಿ ಅಕ್ಕ ಗೊಣಗಿದರು.

"ಅಲ್ಲ ಮಾರಾಯ್ತಿ, ದಿನವಿಡೀ ಮನೆ ಪಕ್ಕದಲ್ಲೇ ರೈಲು ಹೋಗ್ತದೆ. ಅದಕ್ಕೆ ಎಚ್ಚರ ಆಗದವರಿಗೆ ನಮ್ಮ ಡ್ರಮ್ಮಿಗೆ ಮಾತ್ರ ಎಚ್ಚರ ಆಗುದಾ?"

ನನಗೂ ಹಾಗೇ ಅನ್ನಿಸಿತ್ತು. ಆದರೂ, "ನೋಡೋಣ ಅಕ್ಕ, ಮೊದಲು ಅಳತೆ ಮಾಡೋಣ" ಎಂದೆ.

ಅಳತೆಗೆ ಅವರ ಮನೆಯೊಳಗೆ ಹೋಗಬೇಕಿತ್ತು. ಅವರು ಬಿಡಲಿಲ್ಲ. ಕೋಪ ಇನ್ನೂ ಹಸಿಯಾಗಿತ್ತು. ಹಾಗಾಗಿ ಅವರ ಮನೆಯ ಪಕ್ಕದ ಓಣಿಯಲ್ಲಿ ಸದ್ದು ಅಳೆಯುವ ಮೀಟರ್ ಹಿಡಿದು ನಿಂತೆ. ಮಾಡಿಯ ಒಳಗೆ ಸ್ಪೀಕರಿನಲ್ಲಿ ಒಂದೇ ಸಮನಾದ ಮೊರೆತ ಹಾಕಿಟ್ಟಿದ್ದೆ. ಆದರೆ ರೈಲು ಬಂದಾಗಲೆಲ್ಲ ಮೀಟರಿನ ಮುಳ್ಳು ಹಾರುತ್ತಿತ್ತು. ಎರಡು ರೈಲುಗಳ ನಡುವಿನ ಮೌನ ಕಾದು, ಆ ಸ್ವಲ್ಪ ಹೊತ್ತಿನಲ್ಲಿ ಓದಿಕೊಳ್ಳಬೇಕು. ಅದು ಐಪ್ಪಸಿ, ದೀಪಾವಳಿ ಹೊತ್ತಿನ ಮಳೆಯ ಕಾಲ. ರೈಲು ಇಲ್ಲದಾಗ ಮಳೆ, ಮಳೆ ನಿಂತಾಗ ಅಂಗಡಿಯವರ ಜನರೇಟರ್. ಮೂರು ಸಂಜೆ ಹಾಗೆ ನಿಂತು ತಿಳಿದದ್ದು ಇಷ್ಟು: ಹಳೆಯ ಮರದ ಕಿಟಕಿಗಳ ಸಂದಿನಿಂದ, ಹಿಂದಿನ ಗೋಡೆಯ ಮೇಲ್ಭಾಗದ ಗಾಳಿಗಂಡಿಗಳಿಂದ ಸದ್ದು ಧಾರಾಳವಾಗಿ ಆಚೆ ಹೋಗುತ್ತಿದೆ.

ರೋಗ ಸಿಕ್ಕಿತೆಂದುಕೊಂಡು ಮದ್ದು ಮಾಡಿದೆವು. ಗಾಳಿಗಂಡಿಗಳನ್ನು ಇಟ್ಟಿಗೆ ಇಟ್ಟು ಮುಚ್ಚಿದೆವು. ಕಿಟಕಿಗಳಿಗೆ ಎರಡು ಪದರ ಗಾಜು ಕೂರಿಸಿ ನಡುವೆ ಒಂದು ಗೇಣು ಖಾಲಿ ಬಿಟ್ಟೆವು. ಬಾಗಿಲ ಚೌಕಟ್ಟಿಗೆ ಸುತ್ತ ರಬ್ಬರ್ ಪಟ್ಟಿ. ವೇದಿಕೆಯ ಹಿಂದಿನ ಗೋಡೆಗೆ ಚೌಕಟ್ಟು ಕಟ್ಟಿ, ಒಳಗೆ ಸದ್ದು ಹೀರುವ ಕಲ್ಲುಣ್ಣೆ ತುಂಬಿ, ಮೇಲೆ ಎರಡು ಪದರ ಜಿಪ್ಸಮ್ ಹಲಗೆ. ಕೆಲಸ ಮುಗಿದ ಮೇಲೆ ಹಾಲ್ ಒಳಗೆ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಓಣಿಯಲ್ಲಿ ನಿಂತು ಮೀಟರ್ ನೋಡಿದೆ. ಒಳಗೆ ಪೂರ್ತಿ ಬ್ಯಾಂಡ್ ನುಡಿಸುತ್ತಿದ್ದರೂ ಹೊರಗೆ ಹಾಡು ಕೇಳಿಸುತ್ತಿರಲಿಲ್ಲ. ನಾನು ಅಕ್ಕನಿಗೆ ಫೋನ್ ಮಾಡಿ, ಆಯಿತು ಎಂದು ಹೇಳಿಬಿಟ್ಟೆ. ಅವರು ಕೆಳಗೆ ಹೋಟೆಲಿನಲ್ಲಿ ಎಲ್ಲರಿಗೂ ಗೋಳಿಬಜೆ ಮಾಡಿಸಿದರು.

ಮಾರನೆಯ ವಾರ ಮೋಟಾರ್‌ಮ್ಯಾನ್ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಮೊದಲು ಹಾಡಾದರೂ ಕೇಳಿಸ್ತಿತ್ತು," ಎಂದರು. "ಈಗ ಹಾಡು ಹೋಗಿ ಗುದ್ದು ಮಾತ್ರ ಉಳಿದಿದೆ. ನೀನೇ ಬಂದು ಕೇಳು."

ಹೋದೆ. ಮಿಕ್ಸರನ್ನು ಅಕ್ಕನ ಮಗನಿಗೆ ಬಿಟ್ಟು, ಹೋಟೆಲಿನ ಹಿಂದಿನಿಂದ ಸುತ್ತಿ, ಅವರ ಮನೆಯ ಮೇಲಿನ ಕೋಣೆಗೆ. ಪುಟ್ಟ ಕೋಣೆ. ಕಬ್ಬಿಣದ ಮಂಚ ಗೋಡೆಗೆ ತಾಗಿತ್ತು. ನಾನು ಕೋಣೆಯ ನಡುವೆ ನಿಂತು ಉಸಿರು ಬಿಗಿಹಿಡಿದು ಕೇಳಿದೆ. ಫ್ಯಾನಿನ ಸದ್ದು, ದೂರದ ಹಾರ್ನ್, ಅಷ್ಟೆ. ಅವರ ಹೆಂಡತಿ ನನ್ನ ಮುಖ ನೋಡಿ ಅಲಮಾರಿಯಿಂದ ಒಗೆದ ದಿಂಬಿನ ಹೊದಿಕೆ ತೆಗೆದರು, ಹಾಕಿದರು, ದಿಂಬು ತಟ್ಟಿ ತೋರಿಸಿದರು.

"ಪಡುತ್ತು ಪಾರುಮ್ಮಾ," ಎಂದರು. ಮಲಗಿ ನೋಡಮ್ಮ.

ಅಪರಿಚಿತರ ಮಂಚದ ಮೇಲೆ ಮಲಗುವುದು ಮುಜುಗರವಾಯಿತು. ಆದರೂ ಮಲಗಿ ಕೆನ್ನೆಯನ್ನು ದಿಂಬಿಗೆ ಒತ್ತಿದೆ. ಡುಮ್. ಡುಮ್. ಡುಮ್. ಅದು ಕಿವಿಗಿಂತ ಮೊದಲು ದವಡೆಗೆ ಬಂತು. ಮಂಚದ ಕಬ್ಬಿಣ ಅದನ್ನು ಹೊತ್ತು ತಂದು ತಲೆಯೊಳಗೆ ಇಡುತ್ತಿತ್ತು. ಇಷ್ಟು ದಿನ ಹಾಡಿನ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ನಾವು ಆ ಹೊದಿಕೆಯನ್ನು ಕಿತ್ತು ಗುದ್ದನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟಿದ್ದೆವು.

ಅಷ್ಟರಲ್ಲಿ ಒಂದು ರೈಲು ಹೋಯಿತು. ಇಡೀ ಮನೆ ಅದುರಿತು. ನಾನು ಎದ್ದು ಕೂತು ಅವರತ್ತ ನೋಡಿದೆ. ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆ ಅವರಿಗೆ ತಿಳಿಯಿತು.

"ಅದು ಬರುತ್ತೆ, ಹೋಗುತ್ತೆ," ಎಂದರು. "ಯಾವ ಗಾಡಿ, ಎಷ್ಟು ಹೊತ್ತು, ಎಲ್ಲಾ ನನಗೆ ಗೊತ್ತು. ಇದು ಯಾವಾಗ ನಿಲ್ಲುತ್ತೆ ಅಂತ ಗೊತ್ತಾಗಲ್ಲ. ನಿಲ್ಲೋದನ್ನ ಕಾಯ್ತಾ ಕೂತರೆ ನಿದ್ದೆ ಎಲ್ಲಿಂದ ಬರುತ್ತೆ?"

ಹೆಂಡತಿ ಕಾಫಿ ತರಲು ಕೆಳಗೆ ಹೋದಾಗ ಅವರು ಇನ್ನೊಂದು ಮಾತು ಹೇಳಿದರು. ಗಾಡಿ ಓಡಿಸುವಾಗ ಒಂದು ಹಿಡಿಯನ್ನು ಒತ್ತಿಯೇ ಇರಬೇಕು. ಕೈ ಸಡಿಲಾದರೆ ಬ್ರೇಕ್ ತಾನೇ ಬೀಳುತ್ತದೆ. ದೂರು ಕೊಡುವ ಮುಂಚಿನ ಒಂದು ಬೆಳಗ್ಗೆ, ಎರಡು ಸ್ಟೇಷನ್‌ಗಳ ನಡುವೆ ಅವರ ಕಣ್ಣು ಮುಚ್ಚಿತ್ತು. ಗಾಡಿ ಜಗ್ಗಿದಾಗ ಎಚ್ಚರವಾಯಿತು. ಏನೂ ಆಗಲಿಲ್ಲ. "ಏನೂ ಆಗಲಿಲ್ಲ," ಎಂದು ಇನ್ನೊಮ್ಮೆ ಹೇಳಿ ತಮ್ಮ ಅಂಗೈ ನೋಡಿಕೊಂಡರು. ಈಗ ಅವರು ನಿವೃತ್ತರು. ಇದನ್ನು ಬರೆಯಬಹುದೇ ಎಂದು ಕೇಳಿದಾಗ ಬರೆ ಎಂದರು.

ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ಮಾಡಿಯ ಬಗ್ಗೆ ಯೋಚನೆಯೇ ಬರಲಿಲ್ಲ. ಆ ಅಂಗೈಯೇ ಕಣ್ಣ ಮುಂದಿತ್ತು.

ಮುಂದಿನ ರವಿವಾರ ಅವರ ರಜೆ. ಅವರ ಒಪ್ಪಿಗೆ ಪಡೆದು ಕೆಲಸ ಶುರು ಮಾಡಿದೆ. ಗಿಟಾರಿನ ಮರಕ್ಕೆ ಅಂಟಿಸುವ ಬಿಲ್ಲೆಯಂಥ ಮೈಕ್ ಇರುತ್ತದೆ. ಅದು ಗಾಳಿಯ ಸದ್ದನ್ನು ಹಿಡಿಯುವುದಿಲ್ಲ, ಅಂಟಿಸಿದ ವಸ್ತುವಿನ ಅದುರುವಿಕೆಯನ್ನು ಮಾತ್ರ ಹಿಡಿಯುತ್ತದೆ. ಅದನ್ನು ಅವರ ಕೋಣೆಯ ಗೋಡೆಗೆ, ನೆಲಕ್ಕೆ, ಮಂಚದ ಕಾಲಿಗೆ ಒಂದಾದ ಮೇಲೊಂದರಂತೆ ಅಂಟಿಸಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಆ ಕಡೆ ಹಾಲ್‌ನಲ್ಲಿ ಡ್ರಮ್ಮರ್ ಫೋನ್ ಹಿಡಿದು ಕೂತಿದ್ದ. ಈ ಡ್ರಮ್ಮರ್ ಮೊದಮೊದಲು ಅಭ್ಯಾಸಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಒಬ್ಬ. ಈಗ ಬ್ಯಾಂಕಿನಲ್ಲಿ ಅಧಿಕಾರಿ, ತಲೆ ಅರ್ಧ ನರೆತಿದೆ. ನಾನು ಹೇಳಿದಂತೆ ಅವನು ಕಾಲಿನಿಂದ ನುಡಿಸುವ ದೊಡ್ಡ ಡ್ರಮ್ ಒಂದನ್ನೇ ಬಾರಿಸಿದ. ಮೊದಲು ಕಲ್ಲಿನ ವೇದಿಕೆಯ ಮೇಲೆ, ಆಮೇಲೆ ವೇದಿಕೆಯಿಂದಿಳಿದು ಅದರ ಮುಂದಿನ ನೆಲದ ಮೇಲೆ, ಕೊನೆಗೆ ಹಾಲ್‌ನ ಇನ್ನೊಂದು ತುದಿಯಲ್ಲಿ, ರಸ್ತೆ ಬದಿಯ ಕಿಟಕಿಯ ಕೆಳಗೆ.

ವೇದಿಕೆಯ ಮೇಲೆ ಬಾರಿಸಿದಾಗ ಲ್ಯಾಪ್‌ಟಾಪಿನ ಗೆರೆ ಬೆಟ್ಟದಂತೆ ಎದ್ದಿತು. ನೆಲದ ಮೇಲೆ, ಗುಡ್ಡ. ರಸ್ತೆ ಬದಿಯಲ್ಲಿ, ಫ್ಯಾನಿನ ಅದುರುವಿಕೆಯಿಂದ ಅದನ್ನು ಬೇರೆ ಮಾಡಿ ಗುರುತಿಸುವುದೇ ಕಷ್ಟ.

ಕಾರಣ ಅಕ್ಕನಿಂದ ತಿಳಿಯಿತು. ಹಿಂದೆ ಇಡೀ ಜಾಗ ಒಂದೇ ಆಸ್ತಿಯಾಗಿತ್ತು. ಅವರ ತಂದೆ ಹಿಂಭಾಗವನ್ನು ಈ ಮೋಟಾರ್‌ಮ್ಯಾನ್‌ನ ತಂದೆಗೆ ಮಾರಿದ್ದರು. ಅವರೂ ರೈಲ್ವೆಯವರೇ. ಹೊಸ ಮನೆ ಕಟ್ಟುವಾಗ ಹೋಟೆಲಿನ ಹಿಂದಿನ ಗೋಡೆಯನ್ನೇ ಬಳಸಿಕೊಳ್ಳಿ ಎಂದಿದ್ದರು. ಆಗಿನ ಸ್ನೇಹ ಹಾಗಿತ್ತು. ವೇದಿಕೆಯ ಚಪ್ಪಡಿಗಳ ಒಂದು ತುದಿ ಕೂತಿದ್ದು ಅದೇ ಗೋಡೆಯ ಒಳಗೆ. ನಾವು ಕಲ್ಲುಣ್ಣೆ ತುಂಬಿ ಮುಚ್ಚಿದ್ದು ವೇದಿಕೆಯ ಮೇಲಿನ ಗೋಡೆಯನ್ನು. ಡ್ರಮ್ಮಿನ ಗುದ್ದು ಅದರ ಗೊಡವೆಗೇ ಹೋಗದೆ ಕಲ್ಲಿನೊಳಗಿಂದ ಮಂಚಕ್ಕೆ ದಾರಿ ಮಾಡಿಕೊಂಡಿತ್ತು.

ವೇದಿಕೆ ತೆಗೆಯಬೇಕು. ಅದನ್ನು ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ತೆಗೆದ ಮೇಲೂ ಕೆಲಸವಾಗದಿದ್ದರೆ? ಮೊದಲನೆಯ ಸಲವೂ ನಾನು ಆಯಿತು ಎಂದು ಹೇಳಿದವಳೇ. ಅದಕ್ಕೇ ಮೊದಲು ಒಂದು ಪ್ರಯೋಗ ಮಾಡಿದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ, ಬೀದಿ ಕ್ರಿಕೆಟ್‌ಗೆ ಬಳಸುವ ಟೆನಿಸ್ ಚೆಂಡುಗಳನ್ನು ಸಾಲಾಗಿ ಕೂರಿಸಿ, ರಸ್ತೆ ಬದಿಯ ತುದಿಯಲ್ಲಿ ಇಟ್ಟು ಡ್ರಮ್ಮರನನ್ನು ಅದರ ಮೇಲೆ ಹತ್ತಿಸಿದೆ. ದೋಣಿಯಲ್ಲಿ ಕೂತಂತೆ ಆಗುತ್ತದೆ ಎಂದು ಅವನು ಬೈದ. ಆದರೆ ಹಿಂದಿನ ಮನೆಯಲ್ಲಿ ಗೆರೆ ಏಳಲೇ ಇಲ್ಲ.

ಕೆಳಗೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ನಾಲ್ವರೂ ಮಾತಾಡಿದೆವು.

"ಅಕ್ಕಾ, ಅಂದ ಸ್ಟೇಜ್ ಇಲ್ಲಾಟ್ಟಿ ಮಾಡಿಯೇ ಇಲ್ಲೈ," ಎಂದ ಡ್ರಮ್ಮರ್. ಆ ವೇದಿಕೆ ಇಲ್ಲದಿದ್ದರೆ ಮಾಡಿಯೇ ಇಲ್ಲ. ಕಲ್ಲಿನ ಮೇಲೆ ಕೂತರೆ ಡ್ರಮ್ಮಿಗೆ ಬರುವ ಬಿಗಿ ಈ ಊರಿನಲ್ಲಿ ಬೇರೆಲ್ಲೂ ಇಲ್ಲ ಎಂದು ವಾದಿಸಿದ. ಅದು ನಿಜವೂ ಆಗಿತ್ತು.

ಅಕ್ಕನ ಮಗ ಬೇರೆಯದೇ ಹೇಳಿದ. "ವಿಟ್ಟುಡಲಾಮ್‌ಮಾ," ಬಿಟ್ಟುಬಿಡೋಣಮ್ಮ. ಮೇಲೆ ಏಸಿ ಹಾಕಿ ಊಟದ ಹಾಲ್ ಮಾಡಿದರೆ ಯಾರ ತಂಟೆಯೂ ಇಲ್ಲ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಠಾಣೆಗೆ ಅಲೆದು ಅಲೆದು ಸಾಕಾಗಿತ್ತು ಅವನಿಗೆ.

ಅಕ್ಕ ನನ್ನ ಕಡೆ ತಿರುಗಿದರು.

"ನನ್ನ ಧಾರೆ ಆದದ್ದು ಆ ಕಲ್ಲಿನ ಮೇಲೆ, ಗೊತ್ತುಂಟಾ?" ಎಂದು ನನ್ನನ್ನು ಕೇಳಿದರು.

ಗೊತ್ತಿರಲಿಲ್ಲ. ನಾನು ಲೋಟ ತಿರುಗಿಸುತ್ತ ಕೂತೆ.

"ಇವನ ಅಪ್ಪ ಹೋಗಿಯೇ ಎಷ್ಟು ಕಾಲ ಆಯ್ತು," ಎಂದು ಮಗನ ಕಡೆ ಕೈ ತೋರಿಸಿದರು. "ಕಲ್ಲು ಇಟ್ಕೊಂಡು ನಾನು ಎಂತ ಮಾಡುದು? ಪಾಪ, ಆ ಮನುಷ್ಯ ಗಾಡಿಯಲ್ಲಿ ತೂಕಡಿಸಿದ್ರೆ ಎಷ್ಟು ಮನೆ ಮಕ್ಕಳು ಅದ್ರಲ್ಲಿ? ತೆಗೀಲಿ. ಆದ್ರೆ ಹಾಡು ನಿಲ್ಲಿಸುದು ಬೇಡ. ನೀನು ಹೇಳು ಮಾರಾಯ್ತಿ, ಹೇಗೆ ಮಾಡುದು?"

ಮೋಟಾರ್‌ಮ್ಯಾನ್ ನನಗೆ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೆ ಅದು ತಾನಾಗಿಯೇ ಹೊಳೆದಿತ್ತು.

ಹೇಳಿದೆ. ಮಾಡಬೇಕಾದದ್ದು ಇಷ್ಟು: ಹಾಲ್ ಪೂರ್ತಿ ಹಿಂದುಮುಂದು ಮಾಡುವುದು. ಹೊಸ ವೇದಿಕೆ ರಸ್ತೆ ಬದಿಗೆ. ಅದು ನೆಲಕ್ಕೂ ಗೋಡೆಗೂ ತಾಗಬಾರದು. ರಬ್ಬರ್ ದಿಂಡುಗಳ ಮೇಲೆ ಮರದ ತೊಲೆ, ಅದರ ಮೇಲೆ ಎರಡು ಪದರ ಹಲಗೆ. ಸ್ಪೀಕರುಗಳನ್ನು ಚಾವಣಿಯ ತೊಲೆಗೆ ನೇತುಹಾಕುವುದು ಬೇಡ, ಸ್ಟ್ಯಾಂಡುಗಳ ಮೇಲೆ ಇಡೋಣ. ನಷ್ಟವನ್ನೂ ಹೇಳಿದೆ. ಮೆಟ್ಟಿಲ ಬಾಗಿಲು ಇರುವುದೂ ರಸ್ತೆ ಬದಿಗೇ. ಇನ್ನು ಮುಂದೆ ತಡವಾಗಿ ಬಂದವರು ಹಾಡುವವರ ಮೊಣಕೈ ಪಕ್ಕದಿಂದಲೇ ಹಾದು ಹೋಗಬೇಕು. ಹಿಂದಿನ ಎರಡು ಸಾಲು ಕುರ್ಚಿ ಕಡಿಮೆಯಾಗುತ್ತವೆ.

ಚಪ್ಪಡಿ ಕೀಳುವ ಕೆಲಸ ಮೋಟಾರ್‌ಮ್ಯಾನ್ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಾತ್ರ ಮಾಡಬೇಕೆಂದು ಒಪ್ಪಂದವಾಯಿತು. ಅವರೇ ತಮ್ಮ ಪಾಳಿಯ ದಿನಗಳನ್ನು ಬರೆದು ಕಳಿಸಿದರು. ಒಂದು ಚಪ್ಪಡಿ ಗೋಡೆಯಿಂದ ಬರಲೇ ಇಲ್ಲ. ಎಳೆದರೆ ಅವರ ಕಡೆಯ ಗಾರೆ ಬೀಳುವ ಅಪಾಯ. ಕೊನೆಗೆ ಗೋಡೆಗೆ ಎರಡು ಬೆರಳು ಅಂತರ ಬಿಟ್ಟು ಅದನ್ನು ಕತ್ತರಿಸಿ, ತುದಿಯನ್ನು ಗೋಡೆಯಲ್ಲೇ ಬಿಟ್ಟೆವು. ಕೆಲಸ ನಡೆದಷ್ಟು ದಿನ ಅಕ್ಕ ಮೇಲೆ ಬರಲಿಲ್ಲ. ಚಪ್ಪಡಿಗಳನ್ನು ಕೆಳಗಿಳಿಸಿ ರುಬ್ಬುವ ಕೋಣೆಯ ನೆಲಕ್ಕೆ ಹಾಸಿದ ಮೇಲೆ ಒಮ್ಮೆ ಹೋಗಿ ನೋಡಿ, "ಇಲ್ಲಿ ಜಾರುದಿಲ್ಲ, ಒಳ್ಳೆದಾಯ್ತು" ಎಂದರಂತೆ.

ಪೊಂಗಲ್ ಹತ್ತಿರ ಬಂತು. ಕೊನೆಯ ಪರೀಕ್ಷೆಗೆ ಪೂರ್ತಿ ಬ್ಯಾಂಡ್ ಕೂರಿಸಿ, ಸಂಜೆ ನಾನು ಹಿಂದಿನ ಮನೆಯ ಮೇಲಿನ ಕೋಣೆಯ ಹೊರಗೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಮೋಟಾರ್‌ಮ್ಯಾನ್ ಊಟ ಮುಗಿಸಿ ಒಳಗೆ ಹೋಗಿ ಮಲಗಿದರು. ಆಚೆ ಬ್ಯಾಂಡ್ ಶುರುವಾಯಿತು. ಗೆರೆ ಮಿಸುಕಲಿಲ್ಲ. ಗೋಡೆ, ನೆಲ, ಮಂಚ, ಎಲ್ಲೂ ಏನಿಲ್ಲ. ನಾನು ಹಗುರಾಗಿ ಗೋಡೆಗೆ ಒರಗಿದೆ.

ಬಾಗಿಲು ತೆರೆಯಿತು. "ಕೇಳಿಸ್ತಾ ಇದೆ," ಎಂದರು ಮೋಟಾರ್‌ಮ್ಯಾನ್.

ನಾನು ಲ್ಯಾಪ್‌ಟಾಪಿನ ಪರದೆ ಅವರ ಕಡೆ ತಿರುಗಿಸಲು ಹೊರಟವಳು ತಡೆದುಕೊಂಡೆ. ನಿದ್ದೆ ಬಾರದವರಿಗೆ ಗೆರೆ ತೋರಿಸಿ ಏನು ಉಪಯೋಗ? ನಾನೇ ಹೋಗಿ ಆ ದಿಂಬಿಗೆ ಕೆನ್ನೆ ಒತ್ತಿದೆ. ನನಗೆ ಯಾವ ಗುದ್ದೂ ಕೇಳಿಸಲಿಲ್ಲ. ಆದರೆ ಅವರ ಮುಖದಲ್ಲಿ ಸುಳ್ಳಿರಲಿಲ್ಲ. ನಿಜಕ್ಕೂ ಕೇಳಿಸುತ್ತಿತ್ತು ಅವರಿಗೆ.

"ಇನ್ನೊಂದು ಪರೀಕ್ಷೆ ಮಾಡೋಣವಾ?" ಎಂದು ಕೇಳಿದೆ. ಡ್ರಮ್ಮರ್ ತನಗೆ ತೋಚಿದಾಗ ನುಡಿಸಲಿ, ತೋಚಿದಾಗ ನಿಲ್ಲಿಸಲಿ. ಯಾವಾಗ ಎಂದು ನನಗೂ ಹೇಳುವುದು ಬೇಡ, ಅವನ ಫೋನಿನಲ್ಲಿ ಗುರುತಿಟ್ಟುಕೊಳ್ಳಲಿ. ನಾನು ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ. ನಿಮಗೆ ಗುದ್ದು ಕೇಳಿಸಿದಾಗ ಹೇಳಿ.

ಅವರು ಒಪ್ಪಿದರು. ಮಲಗಿ ಕಣ್ಣು ಮುಚ್ಚಿದರು. ಹೆಂಡತಿ ಗಡಿಯಾರದ ಮುಂದೆ ಕೂತರು. "ಈಗ," ಎಂದರು ಅವರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಇಲ್ಲ." ಮತ್ತೆ, "ಈಗ ಜೋರಾಗಿದೆ." ಹೆಂಡತಿ ಒಂದೊಂದನ್ನೂ ಗುರುತು ಹಾಕಿಕೊಂಡರು.

ಮುಗಿದ ಮೇಲೆ ಡ್ರಮ್ಮರ್ ಬಂದ. ಅವನ ಫೋನನ್ನೂ ಈ ಗುರುತುಗಳನ್ನೂ ಪಕ್ಕಪಕ್ಕ ಇಟ್ಟು ಹೆಂಡತಿಯೇ ಓದಿದರು. ಅವನು ಮೈಮುರಿದು ಬಾರಿಸಿದ ಹೊತ್ತಿನಲ್ಲಿ ಇವರು ಸುಮ್ಮನಿದ್ದರು. "ಈಗ ಜೋರಾಗಿದೆ" ಎಂದಾಗ ಅವನು ಕೆಳಗೆ ಕಾಫಿ ಕುಡಿಯುತ್ತಿದ್ದ.

ಡ್ರಮ್ಮರನಿಗೆ ನಗು ಬಂತು. ನಾನು ಅವನ ಕಾಲು ತುಳಿದೆ. ಮೋಟಾರ್‌ಮ್ಯಾನ್ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಮಂಚದ ಅಂಚಿನಲ್ಲಿ ಕೂತು ಗೋಡೆಗೆ ಅಂಗೈ ಇಟ್ಟರು.

"ಹಾಗಾದರೆ ಅದು ನನ್ನ ತಲೆಯಲ್ಲಿದೆ," ಎಂದರು. "ಕಲ್ಲನ್ನ ಕಿತ್ತಿರಿ. ಇದನ್ನ ಹೇಗೆ ಕೀಳ್ತೀರಿ?"

 ಕಾಗದದ ಮೇಲೆ ನಾವು ಗೆದ್ದಿದ್ದೆವು. ಆ ಅಳತೆಗಳನ್ನು ಠಾಣೆಗೆ ಕೊಟ್ಟರೆ ದೂರು ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕನ ಮಗ ಅದನ್ನೇ ಮಾಡೋಣ ಎಂದ. ಡ್ರಮ್ಮರ್ ಅವನ ಪರ. ನಾನು ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿ, ಅಳತೆ ಕೊಡುವುದು ಬಿಡುವುದು ನಿಮ್ಮ ಇಷ್ಟ, ಆದರೆ ಕೊಡುವುದಾದರೆ ನಾನು ಸಹಿ ಹಾಕಲಾರೆ ಎಂದೆ. ಅಷ್ಟು ವರ್ಷ ಗುದ್ದನ್ನು ಅವರ ತಲೆಗೆ ಇಳಿಸಿದವರು ನಾವೇ. ಈಗ ಅವರಿಗೆ ಕೇಳಿಸುತ್ತಿರುವುದು ಸುಳ್ಳು ಎಂದು ಪೊಲೀಸರ ಮುಂದೆ ಹೇಳಿಸುವುದು ನನ್ನಿಂದಾಗುತ್ತಿರಲಿಲ್ಲ.

"ನಾನು ಕೊಡು ಅಂದೆನಾ?" ಎಂದು ಅಕ್ಕ ನನ್ನ ಮೇಲೇ ರೇಗಿದರು. ಮರುದಿನ ಬೆಳಗ್ಗೆ ಅವರೇ ಹಿಂದಿನ ಮನೆಗೆ ಹೋದರು. ತಮ್ಮ ಕುಂದಾಪುರದ ತಮಿಳಿನಲ್ಲಿ ಏನು ಮಾತಾಡಿದರೋ, ಬಂದು ಹೇಳಿದ್ದು ಇಷ್ಟೇ. ಪ್ರತಿ ತಿಂಗಳ ಕೊನೆಗೆ ಅವರು ತಮ್ಮ ಪಾಳಿ ತಿಳಿಸುತ್ತಾರೆ. ಬೆಳಗಿನ ಪಾಳಿಯ ವಾರ ಡ್ರಮ್ಸ್ ಇಲ್ಲ, ಬರೀ ಕೈವಾದ್ಯ, ಹಾಡುಗಾರಿಕೆ. ಬೇರೆ ವಾರ ಎಲ್ಲವೂ. ಮೋಟಾರ್‌ಮ್ಯಾನ್ ಠಾಣೆಗೆ ಹೋಗಿ ದೂರು ಹಿಂದೆ ತೆಗೆದುಕೊಂಡರು. ನಮ್ಮ ಲ್ಯಾಪ್‌ಟಾಪಿನ ಗೆರೆಗಳನ್ನು ಅಧಿಕಾರಿ ಕೇಳಲೂ ಇಲ್ಲ.

ಎರಡು ಬ್ಯಾಂಡುಗಳು ಇಂಥ ಕಟ್ಟುಪಾಡು ಬೇಡವೆಂದು ಬರುವುದನ್ನು ಬಿಟ್ಟವು. ಡ್ರಮ್ಮರ್ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಖಾಲಿ ಬಿದ್ದ ಶನಿವಾರಗಳಿಗೆ ಬೇರೆ ಜನ ಬಂದರು. ಒಮ್ಮೆ ಗಿಟಾರಿನ ಜೊತೆ ಘಟ, ಒಮ್ಮೆ ಕೀಲ್ಪಾಕಿನಿಂದ ಬಂದ ಇಬ್ಬರು ವೈದ್ಯಕೀಯ ವಿದ್ಯಾರ್ಥಿನಿಯರ ಹಾಡು, ಮೈಕೇ ಇಲ್ಲದೆ. ತಡವಾಗಿ ಬಂದವರು ಹಾಡುವವರ ಪಕ್ಕದಿಂದ ತಲೆ ತಗ್ಗಿಸಿ ಹಾದುಹೋಗುವುದು ರೂಢಿಯಾಯಿತು. ಕೆಲವು ಗಾಯಕರು ಹಾಡಿನ ನಡುವೆಯೇ ಅವರಿಗೆ ಕೈಮುಗಿದು ಬರಮಾಡಿಕೊಳ್ಳುತ್ತಿದ್ದರು. ಪಾಳಿ ಪ್ರಕಾರ ಕಾರ್ಯಕ್ರಮ ಹೊಂದಿಸುವುದು ಅಕ್ಕನ ಮಗನಿಗೆ ತಲೆನೋವಾದರೂ ಹೇಗೋ ನಡೆಸಿಕೊಂಡು ಬಂದ.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಶನಿವಾರದ ಮಟ್ಟಿಗೆ ಲೆಕ್ಕ ತಪ್ಪಿತು. ಮೋಟಾರ್‌ಮ್ಯಾನ್‌ಗೆ ಪಾಳಿ ಬದಲಾಗಿ ಬೆಳಗಿನ ಗಾಡಿ ಬಿದ್ದಿತ್ತು, ನಮಗೆ ಗೊತ್ತಾಗಲಿಲ್ಲ. ಅಂದೇ ಎರಡು ಡ್ರಮ್ ಸೆಟ್ ಇದ್ದ ಬ್ಯಾಂಡ್. ರವಿವಾರ ಮಧ್ಯಾಹ್ನ ನಾನೂ ಅಕ್ಕನೂ ಹೋಟೆಲಿನಲ್ಲಿ ಕೂತಿದ್ದಾಗ ಅವರು ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಒಳಗೆ ಬಂದರು. ಪಾಳಿ ಬದಲಾದದ್ದನ್ನು ಅವರ ಬಾಯಿಂದ ಕೇಳಿ ಅಕ್ಕನ ಮುಖ ಬಿಳುಚಿತು. ನಾನು ಮೇಜಿನ ಮೇಲೆ ಕಣ್ಣು ನೆಟ್ಟೆ.

ಅವರು ನಮ್ಮ ಎದುರಿನ ಕುರ್ಚಿ ಎಳೆದು ಕೂತು ಕಾಫಿ ಹೇಳಿದರು.

"ನಿನ್ನೆ ಯಾಕಮ್ಮಾ ಕಾರ್ಯಕ್ರಮ ಇರಲಿಲ್ಲ?" ಎಂದು ಅಕ್ಕನನ್ನು ಕೇಳಿದರು. "ಮೈಗೆ ಸರಿ ಇರಲಿಲ್ವಾ?"

ಅಕ್ಕ ನನ್ನ ಕಡೆ ನೋಡಿದರು. ಸುಳ್ಳು ಹೇಳಬಹುದಿತ್ತು.

"ಇತ್ತು," ಎಂದರು. "ಎರಡು ಡ್ರಮ್ ಇತ್ತು."

ಕಾಫಿ ಬಂತು. ಅವರು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಆರಿಸುತ್ತಾ ಏನೋ ನೆನಪು ಮಾಡಿಕೊಳ್ಳುವವರಂತೆ ಕೂತರು. ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಎರಡಾ?" ಎಂದರು. ನಾನು ತಲೆಯಾಡಿಸಿದೆ.

"ಸರಿ. ಇನ್ನು ಮೇಲೆ ನನ್ನ ಪಾಳಿ ಕೇಳಬೇಡಿ."

ಎದ್ದು, ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಮಲಗಲು ಮನೆಗೆ ಹೊರಟರು. ಅವರು ಬಾಗಿಲು ದಾಟುವ ತನಕ ಅಕ್ಕ ನೋಡುತ್ತಿದ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಭುಜಕ್ಕೆ ತಿವಿದರು.

"ಏಳು ಮಾರಾಯ್ತಿ, ಆ ಡ್ರಮ್ಮಿನವನಿಗೆ ಒಂದು ಫೋನ್ ಮಾಡು."